ದುಡ್ಡು ಕಮ್ಮಿಯಾದರೆ ಮೊದಲು ನಿಲ್ಲುವುದು ಸ್ಟುಡಿಯೋದ ಹಾಡು

ಹಳೆಯ ಹಾಡು ಬಲ್ಲ ಒಬ್ಬರು ಊರಿನವರೇ ಸೇರಿ ನಡೆಸುವ ಸಮುದಾಯ ರೇಡಿಯೋ ಸ್ಟೇಷನ್ನಿಗೆ ಬಂದು ನೇರ ಪ್ರಸಾರದಲ್ಲಿ ಅರ್ಧ ಗಂಟೆ ಹಾಡಬೇಕು ಅಂದರೆ ಏನೇನು ಬೇಕು? ಸೌಂಡ್ ನೋಡಿಕೊಳ್ಳುವವರು ಒಬ್ಬರು ಬೇಕು. ಹಾಡುಗಾರರನ್ನು ಮಾತಾಡಿಸುವವರು ಇನ್ನೊಬ್ಬರು. ಎರಡೋ ಮೂರೋ ಒಳ್ಳೆ ಮೈಕು. ಒಂದು ಗಂಟೆ ಮುಂಚೆಯೇ ಖಾಲಿ ಮಾಡಿಟ್ಟ ಸ್ಟುಡಿಯೋ. ಬಂದವರ ಹೋಗಿಬರುವ ಖರ್ಚು. ಅದೇ ಅರ್ಧ ಗಂಟೆಗೆ ಕಂಪ್ಯೂಟರಿನಲ್ಲಿ ಹಾಡುಗಳನ್ನು ಸಾಲಾಗಿ ಜೋಡಿಸಿಟ್ಟರೆ ಯಾರೂ ಬೇಕಾಗಿಲ್ಲ. ಬಾಗಿಲಿಗೆ ಬೀಗ ಹಾಕಿಕೊಂಡು ಮನೆಗೆ ಹೋಗಬಹುದು. ಲೆಕ್ಕ ನೋಡುವವರ ಕಣ್ಣಿಗೆ ಈ ಎರಡೂ ಒಂದೇ: ಅರ್ಧ ಗಂಟೆ ಸಂಗೀತ.

ಈ ಲೆಕ್ಕ ಈಗ ಹಲವು ಕಡೆ ಶುರುವಾಗಿದೆ. ಅಮೆರಿಕದಲ್ಲಿ 1967ರ ಕಾನೂನಿನಿಂದ ಹುಟ್ಟಿದ್ದ ಕಾರ್ಪೊರೇಷನ್ ಫಾರ್ ಪಬ್ಲಿಕ್ ಬ್ರಾಡ್‌ಕಾಸ್ಟಿಂಗ್ ಎಂಬ ಸಂಸ್ಥೆ ಟಿವಿ ಮತ್ತು ರೇಡಿಯೋ ಸ್ಟೇಷನ್‌ಗಳಿಗೆ ಸರ್ಕಾರದ ದುಡ್ಡು ಹಂಚುತ್ತಿತ್ತು. ಅದಕ್ಕೆ ಎರಡು ವರ್ಷಕ್ಕೆಂದು ಇಟ್ಟಿದ್ದ 100 ಕೋಟಿ ಡಾಲರಿಗೂ ಜಾಸ್ತಿ ಹಣವನ್ನು 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ವಾಪಸ್ ತೆಗೆದುಕೊಂಡಿತು. ಮುಂದಿನ ತಿಂಗಳೇ ಸಂಸ್ಥೆ ತಾನು ಬಾಗಿಲು ಹಾಕುವುದಾಗಿ ಹೇಳಿತು. ಎಲ್ಲ ಸಮುದಾಯ ರೇಡಿಯೋಗಳಿಗೂ ಆ ದುಡ್ಡು ಬರುತ್ತಿರಲಿಲ್ಲ, ನಿಜ. ಬರುತ್ತಿದ್ದ ಹಳ್ಳಿಗಾಡಿನ ಸಣ್ಣ ಸ್ಟೇಷನ್‌ಗಳಿಗೆ ಮಾತ್ರ ಅದು ದೊಡ್ಡ ಪಾಲು. ಉಳಿದ ದೇಶಗಳಲ್ಲೂ ಸಮುದಾಯ ರೇಡಿಯೋ ಯಾವತ್ತೂ ಕೈತುಂಬ ದುಡ್ಡು ಕಂಡದ್ದಲ್ಲ. ಕೇಳುಗರ ಚಂದಾ, ಸಣ್ಣಪುಟ್ಟ ಅನುದಾನ, ಸ್ವಯಂಸೇವಕರ ಬೆವರು. ಇಷ್ಟರಲ್ಲೇ ಬದುಕು.

ಇಂಥ ಕಡೆ ಕೈ ಬಿಗಿಯಾದಾಗ ಸುದ್ದಿ ಉಳಿಯುತ್ತದೆ, ಹವಾಮಾನ ಉಳಿಯುತ್ತದೆ, ರೆಕಾರ್ಡ್ ಹಾಡು ಉಳಿಯುತ್ತದೆ. ಸ್ಟುಡಿಯೋದ ನೇರ ಹಾಡು ಮೊದಲು ಹೋಗುತ್ತದೆ. ನನಗೆ ಇದು ದೊಡ್ಡ ತಪ್ಪು ಅನ್ನಿಸುತ್ತದೆ. ರೆಕಾರ್ಡ್ ಆದ ಹಾಡು ಇವತ್ತು ಎಲ್ಲರ ಫೋನಿನಲ್ಲೂ ಇದೆ. ಅದನ್ನು ಕೇಳಲು ಯಾರಿಗೂ ರೇಡಿಯೋ ಬೇಕಿಲ್ಲ. ಫೋನಿನಲ್ಲಿ ಸಿಗದೇ ಇರುವುದು, ಎಲ್ಲೂ ರೆಕಾರ್ಡ್ ಆಗದೇ ಇರುವ ಜನಪದದ ದನಿ. ಅದನ್ನೇ ಬಿಟ್ಟುಕೊಟ್ಟರೆ ಸಮುದಾಯ ರೇಡಿಯೋದ ಹತ್ತಿರ ಬೇರೆಯವರ ಹತ್ತಿರ ಇಲ್ಲದ್ದು ಅಂತ ಏನು ಉಳಿಯಿತು?

ಹಿಂದೆ ನೇರ ಹಾಡು ಆಯ್ಕೆಯಾಗಿರಲಿಲ್ಲ, ಅನಿವಾರ್ಯವಾಗಿತ್ತು. 1925ರ ನವೆಂಬರ್ 28ರಂದು ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ಸ್ಟೇಷನ್ನಿನಲ್ಲಿ ಅಂಕಲ್ ಜಿಮ್ಮಿ ಥಾಂಪ್ಸನ್ ಎಂಬ 77ರ ಅಜ್ಜ ಪಿಟೀಲು ಹಿಡಿದು ಮೈಕಿನ ಮುಂದೆ ಕೂತರು. ಅವತ್ತಿನ ಆ ನುಡಿಸಾಣಿಕೆಯಿಂದಲೇ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಅಮೆರಿಕದ ಹೆಸರಾಂತ ಕಂಟ್ರಿ ಸಂಗೀತದ ರೇಡಿಯೋ ಕಾರ್ಯಕ್ರಮ ತನ್ನ ಹುಟ್ಟನ್ನು ಎಣಿಸುತ್ತದೆ. 1941ರ ನವೆಂಬರಿನಲ್ಲಿ ಅರ್ಕನ್ಸಾದ ಹೆಲೆನಾ ಎಂಬ ಊರಿನ ಕೆಎಫ್‌ಎಫ್‌ಎ ಸ್ಟೇಷನ್ನಿನಲ್ಲಿ ಸನ್ನಿ ಬಾಯ್ ವಿಲಿಯಮ್ಸನ್ ಮತ್ತು ರಾಬರ್ಟ್ ಲಾಕ್‌ವುಡ್ ಮಧ್ಯಾಹ್ನದ ಹೊತ್ತು ಅಲ್ಲಿನ ಕಪ್ಪು ಜನರ ಬ್ಲೂಸ್ ಸಂಗೀತ ನುಡಿಸಲು ಶುರು ಮಾಡಿದರು. ಹತ್ತಿ ಹೊಲದಿಂದ ಊಟಕ್ಕೆ ಬಂದ ಕೂಲಿಯವರು ಕೇಳುವ ಹೊತ್ತು ಅದು. ಹಾಗೆ ಕೇಳಿದ ಹುಡುಗರಲ್ಲಿ ಒಬ್ಬ, ಮುಂದೆ ಬ್ಲೂಸ್‌ನ ದೊಡ್ಡ ಗಿಟಾರ್ ವಾದಕನಾದ ಬಿ.ಬಿ. ಕಿಂಗ್. ಇವು ಜಾಹೀರಾತಿನಿಂದ ನಡೆಯುತ್ತಿದ್ದ ಸ್ಟೇಷನ್‌ಗಳು, ಸಮುದಾಯ ರೇಡಿಯೋಗಳಲ್ಲ. ಆದರೂ ತಮ್ಮ ಸುತ್ತಲಿನ ದನಿಯನ್ನು ಮೈಕಿಗೆ ತಂದದ್ದು ಇವೇ.

ಆಮೇಲೆ ರೆಕಾರ್ಡ್ ಅಗ್ಗವಾಯಿತು. ವಾದ್ಯಗಾರರಿಗೆ ಕೆಲಸ ಹೋಗತೊಡಗಿತು. ಅಮೆರಿಕದ ಸಂಗೀತಗಾರರ ಸಂಘ 1942ರ ಆಗಸ್ಟ್ 1ರಿಂದ ರೆಕಾರ್ಡ್ ಕಂಪನಿಗಳಿಗೆ ನುಡಿಸುವುದನ್ನೇ ನಿಲ್ಲಿಸಿಬಿಟ್ಟಿತು. ಎರಡು ವರ್ಷಕ್ಕೂ ಜಾಸ್ತಿ ನಡೆದ ಆ ಮುಷ್ಕರದ ಹಿಂದೆ ಇದ್ದದ್ದು ಇದೇ ಭಯ: ನಾವು ಒಮ್ಮೆ ನುಡಿಸಿದ್ದನ್ನು ರೇಡಿಯೋದವರು ಸಾವಿರ ಸಲ ಹಾಕಿದರೆ ನಮ್ಮನ್ನು ಯಾರು ಕರೆಯುತ್ತಾರೆ? ಬ್ರಿಟನ್ನಿನಲ್ಲಿ ಬೇರೆ ದಾರಿ ಹಿಡಿದರು. ಬಿಬಿಸಿ ದಿನಕ್ಕೆ ಇಷ್ಟೇ ಹೊತ್ತು ರೆಕಾರ್ಡ್ ಹಾಕಬೇಕು ಅಂತ ಮಿತಿ ಇತ್ತು. ಉಳಿದ ಹೊತ್ತಿಗೆ ಕಲಾವಿದರನ್ನು ಸ್ಟುಡಿಯೋಗೆ ಕರೆಸಲೇಬೇಕು. ಬಿಬಿಸಿಯ ಹೆಸರಾಂತ ಸ್ಟುಡಿಯೋ ಸೆಷನ್‌ಗಳು ಇಷ್ಟು ಬೆಳೆದದ್ದಕ್ಕೆ ಒಂದು ಕಾರಣ ಈ ಮಿತಿ. 1988ರಲ್ಲಿ ಅದನ್ನು ತೆಗೆದರು. ಅಂದರೆ ಕಟ್ಟುಪಾಡು ಇರುವವರೆಗೆ ಕಲಾವಿದರಿಗೆ ಸ್ಟುಡಿಯೋದಲ್ಲಿ ಜಾಗ ಇತ್ತು. ಈಗ ಆ ಕಟ್ಟುಪಾಡು ಇಲ್ಲ. ಮನಸ್ಸಿದ್ದವರು ಮಾತ್ರ ಕರೆಯುತ್ತಾರೆ.

ಮನಸ್ಸಿರುವವರು ಹೆಚ್ಚಾಗಿ ಇರುವುದು ಸಮುದಾಯ ರೇಡಿಯೋಗಳಲ್ಲೇ. ಕೇಳುಗರ ಚಂದಾದಿಂದ ನಡೆಯುವ ರೇಡಿಯೋ ಅನ್ನುವ ದಾರಿಯನ್ನು 1949ರ ಏಪ್ರಿಲ್‌ನಲ್ಲಿ ಬರ್ಕ್ಲಿಯ ಕೆಪಿಎಫ್‌ಎ ತೋರಿಸಿತು. ಇಂಥ ಸ್ಟೇಷನ್‌ಗಳ ದನಿ ದೂರ ಹೋಗುವುದಿಲ್ಲ. ಅಮೆರಿಕದಲ್ಲಿ 2000ದಲ್ಲಿ ಶುರುವಾದ ಕಡಿಮೆ ಶಕ್ತಿಯ ಎಫ್‌ಎಂ ಲೈಸೆನ್ಸಿಗೆ 100 ವ್ಯಾಟ್ ಮಿತಿ. ಭಾರತದ ಸಮುದಾಯ ರೇಡಿಯೋಗೂ ಮಾಮೂಲಿ ಮಿತಿ 100 ವ್ಯಾಟ್. ಕೆಲವೇ ಕಿಲೋಮೀಟರ್ ಸುತ್ತ ಕೇಳುತ್ತದೆ. ದೊಡ್ಡ ರೇಡಿಯೋದವರಿಗೆ ಇದು ಕೊರತೆ. ಜನಪದ ಹಾಡಿಗೆ ಇದೇ ಅನುಕೂಲ. ಹಾಡುವವರ ಭಾಷೆ, ಅವರು ಹೇಳುವ ಹೊಳೆಯ ಹೆಸರು, ಬೈಗುಳ, ಎಲ್ಲವೂ ಆ ಸುತ್ತಳತೆಯೊಳಗಿನವರಿಗೆ ಗೊತ್ತು. ಏನನ್ನೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಮೈಕಿನ ವಿಷಯಕ್ಕೆ ಬರೋಣ. ಬಹಳ ಸಮುದಾಯ ರೇಡಿಯೋಗಳ ಸ್ಟುಡಿಯೋ ಮಾತಿಗೆ ಅಂತ ಕಟ್ಟಿದ್ದು. ಗೋಡೆಗೆಲ್ಲ ಸದ್ದು ಹೀರುವ ಹೊದಿಕೆ ಬಡಿದಿರುತ್ತಾರೆ. ಮಾತಿಗೆ ಅದು ಚೆನ್ನ. ಹಾಡುವವರಿಗೆ ಅಲ್ಲಿ ಉಸಿರು ಕಟ್ಟುತ್ತದೆ. ಬಯಲಲ್ಲೋ ಮಂದಿ ನಡುವೆಯೋ ಹಾಡಿ ರೂಢಿ ಇರುವವರಿಗೆ ತಮ್ಮ ದನಿ ವಾಪಸ್ ಕೇಳಿಸದಿದ್ದರೆ ಗಾಬರಿಯಾಗುತ್ತದೆ. ಆಗ ಜೋರಾಗಿ ಎಳೆಯುತ್ತಾರೆ. ಗಂಟಲು ಬಿಗಿಯುತ್ತದೆ, ಶ್ರುತಿ ತಪ್ಪುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಿ ಅಂದರೆ ಇನ್ನೂ ಕಷ್ಟ. ಪಕ್ಕದಲ್ಲಿ ಕೂತವನ ದನಿ ಪಕ್ಕದಿಂದ ಬರದೆ ತಲೆಯೊಳಗಿಂದ ಬಂದರೆ ಹೇಗೆ ಹಾಡುವುದು?

ಚರ್ಮ ಬಿಗಿದ ವಾದ್ಯಗಳ ಕಷ್ಟ ಬೇರೆ. ಹೊರಗಿನ ಗಾಳಿಗೆ ಹದ ಮಾಡಿಕೊಂಡು ಬಂದ ವಾದ್ಯ ಏಸಿ ರೂಮಿನಲ್ಲಿ ಹತ್ತು ನಿಮಿಷ ಕೂತರೆ ಅದರ ನಾದವೇ ಬದಲಾಗುತ್ತದೆ. ತಂತಿಯೂ ಹಾಗೇ. ಅದಕ್ಕೇ ಒಂದು ಗಂಟೆ ಮುಂಚೆ ಬಂದು ಕೂರಬೇಕು ಅನ್ನುವುದು. ವಾದ್ಯ ರೂಮಿಗೆ ಒಗ್ಗಿಕೊಳ್ಳಲಿ, ಹಾಡುವವರೂ ಒಗ್ಗಿಕೊಳ್ಳಲಿ.

ಪ್ರತಿಯೊಬ್ಬರಿಗೂ ಒಂದೊಂದು ಮೈಕು ಕೊಟ್ಟು ಆಮೇಲೆ ಹೊಂದಿಸುವುದು ಸ್ಟುಡಿಯೋದವರ ಅಭ್ಯಾಸ. ಬ್ಲೂಗ್ರಾಸ್ ಎಂಬ ಅಮೆರಿಕದ ತಂತಿವಾದ್ಯಗಳ ಸಂಗೀತ ನುಡಿಸುವವರಲ್ಲಿ ಇನ್ನೊಂದು ಪದ್ಧತಿ ಇದೆ. ಎಲ್ಲರಿಗೂ ನಡುವೆ ಒಂದೇ ಮೈಕು. ತನ್ನ ಸರದಿ ಬಂದವನು ಒಂದು ಹೆಜ್ಜೆ ಮುಂದೆ ಬರುತ್ತಾನೆ, ನುಡಿಸಿ ಹಿಂದೆ ಸರಿಯುತ್ತಾನೆ. ಯಾರ ದನಿ ಎಷ್ಟು ಕೇಳಬೇಕು ಅನ್ನುವುದು ಸೌಂಡಿನವರ ಕೈಯಲ್ಲಿಲ್ಲ, ಹಾಡುವವರ ಕಾಲಲ್ಲಿದೆ. ತಪ್ಪಾದರೆ ಆಮೇಲೆ ಸರಿಮಾಡಲು ಆಗುವುದಿಲ್ಲ, ಅದು ಇದರ ತೊಂದರೆ. ಆದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಾಡುತ್ತಾರೆ. ವಯರುಗಳ ನಡುವೆ ದೂರ ದೂರ ಕೂರಿಸಿದ ಮೇಳದಲ್ಲಿ ಆ ಕೂಡುದನಿ ಬರುವುದಿಲ್ಲ. ಸಣ್ಣ ಸ್ಟೇಷನ್ನಿಗೆ ಒಂದೇ ಒಂದು ಒಳ್ಳೆ ಮೈಕು ಕೊಳ್ಳಲು ಆಗುತ್ತದೆ ಅಂದರೆ, ನಾಲ್ಕು ಸಾಧಾರಣ ಮೈಕಿಗಿಂತ ಅದೇ ಒಳ್ಳೆಯದು ಅಂತ ನಾನು ಹೇಳುತ್ತೇನೆ.

ಕೊನೆಯಲ್ಲಿ, ಪ್ರಸಾರಕ್ಕೆ ಹೋಗುವ ದಾರಿಯಲ್ಲಿ ಒಂದು ಯಂತ್ರ ಇರುತ್ತದೆ. ಜೋರು ಸದ್ದನ್ನು ತಗ್ಗಿಸಿ ಮೆಲು ಸದ್ದನ್ನು ಎತ್ತಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು ಅದರ ಕೆಲಸ. ಕಾರಿನಲ್ಲಿ ಕೇಳುವವರಿಗೆ ಅನುಕೂಲ ಆಗಲಿ ಅಂತ ಇಟ್ಟದ್ದು. ಈಗ ಹಾಡುವವರು ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳಲು ನಿಂತರು ಅಂದುಕೊಳ್ಳಿ. ಆ ಬಿಡುವಿನಲ್ಲಿ ಯಂತ್ರ ಶ್ರುತಿಯ ಸದ್ದನ್ನೂ ಏಸಿಯ ಗುಂಯ್‌ಗುಡುವಿಕೆಯನ್ನೂ ಮೇಲಕ್ಕೆ ಎಳೆಯುತ್ತದೆ. ಮತ್ತೆ ದನಿ ಬಂದಾಗ ದಬಕ್ಕನೆ ಕೆಳಗೆ ತಳ್ಳುತ್ತದೆ. ಹಾಡಿನ ಏರಿಳಿತವೇ ಹೋಗಿಬಿಡುತ್ತದೆ. ನೇರ ಹಾಡಿನ ಹೊತ್ತಿಗೆ ಇದನ್ನು ಸಡಿಲ ಮಾಡಿಡಬೇಕು. ಏಸಿ ಆರಿಸಬೇಕು. ಇದಕ್ಕೆ ದುಡ್ಡು ಖರ್ಚಿಲ್ಲ, ಗಮನ ಬೇಕು ಅಷ್ಟೇ.

ನಾನು ಸ್ವಯಂಸೇವಕನಾಗಿದ್ದ ಒಂದು ಸ್ಟೇಷನ್ನಿಗೆ ಒಮ್ಮೆ ಕಥನ ಹಾಡು ಹಾಡುವ ಅಜ್ಜಿಯೊಬ್ಬರು ಬಂದಿದ್ದರು. ಮೈಕಿನ ಮುಂದೆ ಕೂರಿಸಿದೆವು. ಗಾಜಿನ ಆಚೆಯಿಂದ ನಾನು ಕೈ ತೋರಿಸಿದೆ. ಅಜ್ಜಿ ಬಾಯಿ ಬಿಡಲಿಲ್ಲ. ಒಳಗೆ ಹೋಗಿ ಕೇಳಿದೆ.

"ಯಾರಿಗೆ ಹಾಡ್ಲಿ ಮಗಾ? ಇಲ್ಲಿ ಯಾರೂ ಇಲ್ವಲ್ಲ."

"ಮೈಕಿಗೆ ಹಾಡಿ ಅಜ್ಜಿ. ಹೊರಗೆ ತುಂಬಾ ಜನ ಕೇಳ್ತಾ ಇರ್ತಾರೆ."

"ಮೈಕು ಹೂಂಗುಡುತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫೀಸಿನಲ್ಲಿದ್ದ ಇಬ್ಬರನ್ನು ಕರೆದು ಅಜ್ಜಿಯ ಎದುರು ಕೂರಿಸಿದೆವು. ಅಜ್ಜಿ ಅವರಿಗೆ ಸೊಲ್ಲು ಹೇಳಿಕೊಟ್ಟು, "ನಾನು ನಿಲ್ಲಿಸಿದಾಗ ನೀವು ಎತ್ಕೊಳ್ಳಿ" ಅಂದರು. ಆಮೇಲೆ ಶುರುವಾಯಿತು. ಎದುರಿದ್ದವರ ದನಿ ಒರಟು, ತಾಳ ತಪ್ಪುತ್ತಿತ್ತು. ಅಜ್ಜಿಗೆ ಅದು ಲೆಕ್ಕಕ್ಕೇ ಇಲ್ಲ. ಅವರ ಮುಖ ನೋಡುತ್ತ ನೋಡುತ್ತ ಕಥೆಯನ್ನು ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಓಡಿಸಬೇಕು ಅಂತ ಅಲ್ಲೇ ತೀರ್ಮಾನ ಮಾಡುತ್ತಿದ್ದರು. ಗಾಜಿನ ಆಚೆ ಕೂತು ನಾನು ಅವತ್ತು ಕಲಿತೆ: ಇಂಥ ಹಾಡು ಒಬ್ಬರ ಬಾಯಲ್ಲಿ ಇರುವುದಿಲ್ಲ, ಹಾಡುವವರು ಮತ್ತು ಹೂಂಗುಡುವವರ ನಡುವೆ ಇರುತ್ತದೆ. ಸ್ಟುಡಿಯೋದಲ್ಲಿ ನಾಲ್ಕು ಜನ ಕೇಳುಗರನ್ನು ಕೂರಿಸುವುದು ಮೇಳದ ಒಂದು ವಾದ್ಯವನ್ನು ಕೂರಿಸಿದ ಹಾಗೆ.

ಹನ್ನೆರಡು ನಿಮಿಷ ಆಗಿತ್ತು. ಕಥೆ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ. ಕಂಪ್ಯೂಟರಿನಲ್ಲಿ ಮೊದಲೇ ಹೊಂದಿಸಿಟ್ಟಿದ್ದ ಪ್ರಕಟಣೆ ತಾನಾಗಿಯೇ ಬಂದು ಹಾಡನ್ನು ಕತ್ತರಿಸಿತು. ಅದನ್ನು ತೆಗೆದಿಡುವ ಕೆಲಸ ನನ್ನದಾಗಿತ್ತು, ಮರೆತಿದ್ದೆ. ಒಳಗೆ ಅಜ್ಜಿ ಹಾಡುತ್ತಲೇ ಇದ್ದರು. ಹೊರಗೆ ಯಾರಿಗೂ ಕೇಳುತ್ತಿರಲಿಲ್ಲ.

ರೇಡಿಯೋದ ಗಡಿಯಾರಕ್ಕೂ ಜನಪದದ ಹೊತ್ತಿಗೂ ಯಾವತ್ತೂ ಜಗಳವೇ. ಹಾಡು ಮೂರು ನಿಮಿಷ ಇರಬೇಕು ಅನ್ನುವುದು ಹಳೆಯ 78 ಆರ್‌ಪಿಎಂ ಪ್ಲೇಟಿನ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದ ಅಳತೆ. ಪ್ಲೇಟು ಹೋಗಿ ಎಷ್ಟೋ ಕಾಲವಾಯಿತು, ಅಳತೆ ಹೋಗಿಲ್ಲ. ಜಾಹೀರಾತಿನ ರೇಡಿಯೋಗೆ ಗಡಿಯಾರ ಬಿಟ್ಟು ಬದುಕಲು ಆಗದು. ಸಮುದಾಯ ರೇಡಿಯೋಗೆ ಆ ತೊಡಕು ಅಷ್ಟಿಲ್ಲ. ನಲವತ್ತು ನಿಮಿಷದ ಕಥೆಯನ್ನು ನಲವತ್ತು ನಿಮಿಷವೂ ಬಿಡುವುದು ಅದರ ಕೈಯಲ್ಲೇ ಇದೆ.

ಇತ್ತೀಚೆಗೆ ಸ್ಟುಡಿಯೋ ಸೆಷನ್ನಿಗೆ ಹೊಸ ಜೀವ ಬಂದದ್ದು ವಿಡಿಯೋದಿಂದ. ಸಿಯಾಟಲ್‌ನ ಕೆಇಎಕ್ಸ್‌ಪಿ ವಿಶ್ವವಿದ್ಯಾಲಯದ ಸಣ್ಣ ಸ್ಟೇಷನ್ನಾಗಿ ಶುರುವಾದದ್ದು. ಇವತ್ತು ಅದರ ಸ್ಟುಡಿಯೋ ಹಾಡುಗಳನ್ನು ಯೂಟ್ಯೂಬ್‌ನಲ್ಲಿ ಜಗತ್ತೆಲ್ಲ ನೋಡುತ್ತದೆ. 2016ರಲ್ಲಿ ಹೊಸ ಜಾಗಕ್ಕೆ ಹೋದಾಗ ಜನ ಕೂತು ನೋಡಲು ಜಾಗ ಇಟ್ಟೇ ಸ್ಟುಡಿಯೋ ಕಟ್ಟಿಸಿದರು. ಜರ್ಸಿ ಸಿಟಿಯ ಡಬ್ಲ್ಯುಎಫ್‌ಎಂಯು ಕಥೆ ಇನ್ನೂ ಧೈರ್ಯದ್ದು. ಅದನ್ನು ಸಾಕಿದ್ದ ಕಾಲೇಜು 1995ರಲ್ಲಿ ಮುಚ್ಚಿಹೋಯಿತು. ಸ್ಟೇಷನ್ ಮುಚ್ಚಲಿಲ್ಲ. ಕೇಳುಗರ ದುಡ್ಡಿನಲ್ಲೇ ನಡೆಯುತ್ತಿದೆ, ಸ್ಟುಡಿಯೋಗೆ ಕಲಾವಿದರು ಬರುತ್ತಲೇ ಇದ್ದಾರೆ.

ಈ ಯಶಸ್ಸನ್ನು ನೋಡಿ ಸಣ್ಣ ಸ್ಟೇಷನ್‌ಗಳೂ ಕ್ಯಾಮೆರಾ ಹಿಡಿಯುತ್ತಿವೆ. ನನಗಿರುವ ಆತಂಕ ಇಲ್ಲೇ. ವಿಡಿಯೋ ಬಂದ ಮೇಲೆ ಎಷ್ಟು ಜನ ನೋಡಿದರು ಅನ್ನುವ ಲೆಕ್ಕವೂ ಬರುತ್ತದೆ. ಆಲ್ಬಮ್ ಪ್ರಚಾರಕ್ಕೆ ಊರೂರು ತಿರುಗುವ ತಂಡ ಬಂದರೆ ಲಕ್ಷ ಜನ ನೋಡುತ್ತಾರೆ. ಪಕ್ಕದ ಬೀದಿಯ ಮುದುಕ ಬಂದರೆ ಇನ್ನೂರು. ಮುಂದಿನ ವಾರ ಯಾರನ್ನು ಕರೆಯುತ್ತಾರೆ ಹೇಳಿ? ಹಾಡುವವರನ್ನು ಕರೆಯುವುದು ನಿಂತಿಲ್ಲ ಅಂತ ಮೇಲುನೋಟಕ್ಕೆ ಕಾಣುತ್ತದೆ. ಕರೆಯುವುದು ಯಾರನ್ನು ಅನ್ನುವುದು ಸದ್ದಿಲ್ಲದೆ ಬದಲಾಗಿರುತ್ತದೆ.

ಹತ್ತಿರದ ದನಿಯನ್ನೇ ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ನೋಡಬೇಕು. 1980ರಲ್ಲಿ ಅಲ್ಲಿನ ಮೂಲನಿವಾಸಿಗಳು ಕಾಮಾ ಎಂಬ ಮಾಧ್ಯಮ ಸಂಸ್ಥೆ ಕಟ್ಟಿಕೊಂಡರು. ತಮ್ಮ ಭಾಷೆಗಳಲ್ಲಿ ಹಾಡುವವರನ್ನು ಕರೆದು ರೆಕಾರ್ಡ್ ಮಾಡಿದರು. ಕ್ಯಾಸೆಟ್ ಮಾಡಿ ಹಂಚಿದರು. ಯಾವ ಕಂಪನಿಯೂ ಮುಟ್ಟದ ಭಾಷೆಗಳ ಹಾಡು ಮರುಭೂಮಿಯ ಊರೂರಿಗೆ ಹೋಯಿತು. ಐರ್ಲೆಂಡಿನ ಕಾನಮಾರಾದಲ್ಲಿ 1970ರಲ್ಲಿ ಐರಿಷ್ ಮಾತಾಡುವವರು ಲೈಸೆನ್ಸೇ ಇಲ್ಲದೆ ತಮ್ಮದೊಂದು ರೇಡಿಯೋ ಶುರು ಮಾಡಿದರು. ಎರಡೇ ವರ್ಷದಲ್ಲಿ ಸರ್ಕಾರ ಆ ಭಾಷೆಗೆ ಅಂತಲೇ ಒಂದು ರೇಡಿಯೋ ಕೊಡಬೇಕಾಯಿತು. ಮಾಲಿ ದೇಶದ ಉತ್ತರ ಭಾಗವನ್ನು 2012ರಲ್ಲಿ ಹಿಡಿದ ಬಂದೂಕುಧಾರಿಗಳು ಹಾಕಿದ ನಿಷೇಧಗಳಲ್ಲಿ ರೇಡಿಯೋದಲ್ಲಿ ಸಂಗೀತ ಹಾಕಬಾರದು ಅನ್ನುವುದೂ ಒಂದು. ಊರಿನ ಹಾಡು ಊರಿನ ರೇಡಿಯೋದಲ್ಲಿ ಬರುವುದು ಸಣ್ಣ ವಿಷಯ ಅಲ್ಲ ಅಂತ ಅವರಿಗೂ ಗೊತ್ತಿತ್ತು.

ಇಷ್ಟೆಲ್ಲ ಹೇಳಿ ದುಡ್ಡಿನ ಮಾತು ಬಿಟ್ಟರೆ ಅನ್ಯಾಯ. ಸಮುದಾಯ ರೇಡಿಯೋದಲ್ಲಿ ಎಲ್ಲರೂ ಸುಮ್ನೆ ಕೆಲಸ ಮಾಡುತ್ತಾರೆ, ಹಾಡುವವರೂ ಸುಮ್ನೆ ಹಾಡಲಿ ಅನ್ನುವ ಮಾತು ಬಹಳ ಕಡೆ ಕೇಳಿದ್ದೇನೆ. ಸೌಂಡ್ ಮಾಡುವ ಸ್ವಯಂಸೇವಕನಿಗೆ ಬೇರೆ ಕೆಲಸ ಇರುತ್ತದೆ. ಹಾಡಿ ಬದುಕುವವರಿಗೆ ಆ ದಿನದ ಕೆಲಸವೇ ಇದು. ಬಂದು ಹೋಗುವ ಖರ್ಚಾದರೂ ಕೊಡದೆ ಕರೆಯಬಾರದು.

ಕಾನೂನೂ ಇಲ್ಲಿ ವಿಚಿತ್ರವಾಗಿದೆ. ಅಮೆರಿಕದಲ್ಲಿ ಎಫ್‌ಎಂ ರೇಡಿಯೋ ಒಂದು ರೆಕಾರ್ಡ್ ಹಾಕಿದರೆ ಹಾಡು ಬರೆದವರಿಗೆ ದುಡ್ಡು ಹೋಗುತ್ತದೆ, ಹಾಡಿದವರಿಗೆ ಹೋಗುವುದಿಲ್ಲ. ಇಂಟರ್ನೆಟ್ ರೇಡಿಯೋದಲ್ಲಿ ಮಾತ್ರ ಹಾಡಿದವರಿಗೂ ಪಾಲು ಉಂಟು. ಹೀಗಿರುವಾಗ ಬರೆದವರು ಯಾರು ಅಂತಲೇ ಗೊತ್ತಿಲ್ಲದ ಜನಪದ ಹಾಡಿನ ಗತಿ ಏನು? ಬರೆದವರಿಲ್ಲ, ಹಾಡಿದವರಿಗೆ ಇಲ್ಲ. ಹಾಗಾಗಿ ಯಾರಿಗೂ ಏನೂ ಇಲ್ಲ.

ಆದರೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ಹಕ್ಕು ಇದೆ. ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆಯಾದ ಡಬ್ಲ್ಯುಐಪಿಒದ 1996ರ ಒಪ್ಪಂದ, ಪ್ರದರ್ಶನ ಕಲಾವಿದರು ಯಾರು ಅಂತ ಹೇಳುವಾಗ ಜನಪದವನ್ನು ಹಾಡುವವರನ್ನೂ ಹೆಸರಿಟ್ಟು ಸೇರಿಸಿತು. ನೇರವಾಗಿ ಹಾಡಿದ್ದನ್ನು ಪ್ರಸಾರ ಮಾಡಲು, ರೆಕಾರ್ಡ್ ಮಾಡಲು ಒಪ್ಪಿಗೆ ಕೊಡುವ ಹಕ್ಕು ಆ ಕಲಾವಿದರದ್ದು. ಹಾಡು ಯಾರದ್ದೂ ಅಲ್ಲದಿದ್ದರೂ ಅವತ್ತು ಹಾಡಿದ ದನಿ ಅವರದ್ದೇ. ಇವತ್ತು ಪ್ರಸಾರಕ್ಕೆ ಹೂಂ ಅಂದವರು ನಾಳೆ ಯೂಟ್ಯೂಬಿಗೆ ಹಾಕಲು, ನಾಡಿದ್ದು ಇನ್ನೊಬ್ಬರಿಗೆ ಕೊಡಲು ಹೂಂ ಅಂದ ಹಾಗಲ್ಲ. ಮೂರಕ್ಕೂ ಬೇರೆ ಬೇರೆಯಾಗಿ ಕೇಳಬೇಕು. ಅವರಿಗೆ ತಿಳಿಯುವ ಮಾತಿನಲ್ಲಿ ಕೇಳಬೇಕು. ಕೆಲವು ಹಾಡು ಸಾವಿನ ಮನೆಯವು, ಕೆಲವು ಹೆಂಗಸರ ನಡುವೆ ಮಾತ್ರ ಹಾಡುವಂಥವು. ಅವನ್ನು ಎಲ್ಲರ ಮುಂದೆ ಇಡಬೇಕೋ ಬೇಡವೋ ಅನ್ನುವುದನ್ನು ಹಾಡುವವರೇ ಹೇಳಬೇಕು.

ಹೆಸರು ಬರೆದಿಡುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ಜೇಮ್ಸ್ ಕಾರ್ಟರ್ ಕಥೆ ಇದೆ. 1959ರಲ್ಲಿ ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಿನಲ್ಲಿ ಕಟ್ಟಿಗೆ ಕಡಿಯುತ್ತ ಕೈದಿಗಳು ಹಾಡಿದ ಹಾಡನ್ನು ಜನಪದ ಹಾಡುಗಳನ್ನು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ ರೆಕಾರ್ಡ್ ಮಾಡಿದ್ದರು. ಮುಂದೆ ನಿಂತು ಹಾಡಿದ ಕಾರ್ಟರ್ ಹೆಸರು ಬರೆದಿಟ್ಟಿದ್ದರು. ನಲವತ್ತು ವರ್ಷ ಕಳೆದು, 2000ದಲ್ಲಿ ಆ ರೆಕಾರ್ಡು ಒಂದು ಸಿನಿಮಾದ ಆಲ್ಬಮಿನಲ್ಲಿ ಸೇರಿ ಲಕ್ಷಗಟ್ಟಲೆ ಮಾರಾಟವಾಯಿತು. ಆ ಹೆಸರು ಹಿಡಿದು ಹುಡುಕಿಕೊಂಡು ಹೋಗಿ, 2002ರಲ್ಲಿ ಶಿಕಾಗೋದಲ್ಲಿದ್ದ ಅವರ ಕೈಗೆ 20,000 ಡಾಲರಿನ ಚೆಕ್ ಕೊಟ್ಟರು. ಕಾರ್ಟರ್‌ಗೆ ತಾನು ಆ ಹಾಡು ಹಾಡಿದ್ದೇ ನೆನಪಿರಲಿಲ್ಲ. ಒಂದು ಹೆಸರು ಬರೆದಿಡದಿದ್ದರೆ ಆ ದುಡ್ಡು ಯಾರಿಗೆ ಸೇರುತ್ತಿತ್ತೋ.

ಉಳಿಸಿಡುವುದು ಸುಲಭದ ಕೆಲಸ ಅಲ್ಲ. ಕೆಂಟಕಿಯ ಬೆಟ್ಟಗಳ ನಡುವಿನ ವೈಟ್ಸ್‌ಬರ್ಗ್‌ನಲ್ಲಿ ಡಬ್ಲ್ಯುಎಂಎಂಟಿ ಎಂಬ ಸಮುದಾಯ ರೇಡಿಯೋ 1985ರಿಂದ ಆ ಬೆಟ್ಟದವರ ಹಾಡುಗಳನ್ನು ಪ್ರಸಾರ ಮಾಡುತ್ತಿದೆ. ಅದನ್ನು ನಡೆಸುವ ಆಪಲ್‌ಶಾಪ್ ಸಂಸ್ಥೆಯ ಕಟ್ಟಡಕ್ಕೆ 2022ರ ಜುಲೈ ಪ್ರವಾಹದಲ್ಲಿ ನೀರು ನುಗ್ಗಿತು. ದಶಕಗಳಿಂದ ಕೂಡಿಟ್ಟಿದ್ದ ಟೇಪು, ಫಿಲಂ ಎಲ್ಲ ಕೆಸರಲ್ಲಿ ಮುಳುಗಿದವು. ಅವನ್ನು ಉಳಿಸಿಕೊಳ್ಳಲು ದೊಡ್ಡ ಕೆಲಸವೇ ನಡೆಯಿತು. ಒಂದೇ ಜಾಗದಲ್ಲಿ ಒಂದೇ ಪ್ರತಿ ಇಟ್ಟರೆ ಹೀಗೆ ಆಗುತ್ತದೆ. ಹಾಡಿದವರಿಗೇ ಒಂದು ಪ್ರತಿ ಕೊಟ್ಟುಬಿಟ್ಟರೆ ಎರಡನೇ ಜಾಗ ತಾನಾಗಿಯೇ ಸಿಕ್ಕ ಹಾಗೆ ಅಲ್ವಾ? ಇಷ್ಟು ಸುಲಭದ್ದನ್ನು ಎಷ್ಟೋ ಕಡೆ ಮಾಡುವುದಿಲ್ಲ.

ವಾರಕ್ಕೆ ಒಂದೇ ಗಂಟೆ ಸಾಕು. ಆದರೆ ಅದೇ ದಿನ, ಅದೇ ಹೊತ್ತು ಬರಬೇಕು. ತಿಂಗಳಿಗೊಮ್ಮೆ ಸಮಯ ಸಿಕ್ಕಾಗ ಹಾಕಿದರೆ ಕೇಳುಗರು ಕಾಯುವುದಿಲ್ಲ, ಹಾಡುವವರು ನಂಬುವುದಿಲ್ಲ. ಚಂದಾ ಕೇಳುವ ವಾರದಲ್ಲಿ ಹಾಡುಗಾರರನ್ನು ಕರೆದು, ಉಳಿದ ವರ್ಷ ಮರೆಯುವ ಅಭ್ಯಾಸ ಕೆಲವು ಸ್ಟೇಷನ್‌ಗಳಲ್ಲಿದೆ. ಯಾವುದಕ್ಕೆ ಜನ ದುಡ್ಡು ಕೊಡುತ್ತಾರೆ ಅಂತ ಅವರಿಗೂ ಗೊತ್ತಿದೆ ಅಂತಾಯಿತಲ್ಲ.

ಆ ಅಜ್ಜಿಯ ಹಾಡಿನ ರೆಕಾರ್ಡು ನನ್ನ ಹತ್ತಿರ ಇದೆ. ಒಳಗಿನ ಮೈಕು ನಿಂತಿರಲಿಲ್ಲವಾದ್ದರಿಂದ ಪ್ರಸಾರದಲ್ಲಿ ಕತ್ತರಿಸಿಹೋದ ಭಾಗವೂ ಅದರಲ್ಲಿ ಇದೆ. ಒಟ್ಟು ಮೂವತ್ತೊಂದು ನಿಮಿಷ. ಫೈಲಿಗೆ ಇಟ್ಟ ಹೆಸರು ಬರೀ ತಾರೀಖು. ಅವರನ್ನು ಕರೆತಂದವರು ಆಮೇಲೆ ಬೇರೆ ಕಡೆ ಹೋದರು. ಅಜ್ಜಿಯ ಪೂರ್ತಿ ಹೆಸರನ್ನು ನಾವು ಯಾರೂ ಬರೆದುಕೊಂಡಿರಲಿಲ್ಲ. ಅವತ್ತು ಎದುರು ಕೂತು ಸೊಲ್ಲು ಎತ್ತಿಕೊಂಡ ಇಬ್ಬರಲ್ಲಿ ಒಬ್ಬರಿಗೆ ಅವರ ಮಗಳ ಮನೆ ಎಲ್ಲಿ ಅಂತ ಅರ್ಧಂಬರ್ಧ ನೆನಪಿದೆ. ಫೈಲನ್ನು ಪೆನ್‌ಡ್ರೈವಿಗೆ ಹಾಕಿಟ್ಟಿದ್ದೇನೆ. ಈ ತಿಂಗಳು ಇಬ್ಬರೂ ಹುಡುಕಿಕೊಂಡು ಹೋಗುವವರಿದ್ದೇವೆ.